ಭುಜಕ್ಕೆ ಒಂದು ನಿಮಿಷ

ಸರ್ವಜನ ಸ್ವಾಸ್ಥ್ಯ ಕೇಂದ್ರದ ಬಾಗಿಲು ಎಲ್ಲ ಸಮುದಾಯದವರಿಗೂ ಸದಾ ತೆರೆದಿರುತ್ತದೆ. ಮಂಗಳವಾರ ಬೆಳಗ್ಗೆ ಹನ್ನೊಂದರಿಂದ ಹನ್ನೊಂದೂಕಾಲರವರೆಗೆ, ಹಿಂಬದಿಯಿಂದ.

ಇದನ್ನು ನಾನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಹದಿನೇಳು ವರ್ಷದಿಂದ ಕೇಂದ್ರದ ವರದಿ ಗುಮಾಸ್ತನಾಗಿರುವ ನಾನು ಯಾರನ್ನೂ ಹೊಗಳುವವನಲ್ಲ, ಆದದ್ದನ್ನು ಬರೆದುಕೊಳ್ಳುವವನು. ಮುಂಬಾಗಿಲಿನಲ್ಲಿ ನುಣುಪು ಕಲ್ಲಿನ ಮೆಟ್ಟಿಲು, ಒಳಗೆ ಬಿಳಿ ಟವೆಲ್ಲುಗಳು, ಹಬೆಯ ಕೋಣೆ, ಮಾಲೀಸಿನ ಕೋಣೆ, ಕಣ್ಣು ಮುಚ್ಚಿ ಕೂರಲು ಸದ್ದಿಲ್ಲದ ಒಂದು ಕೋಣೆ. ಹಿಂಬಾಗಿಲಿನಲ್ಲಿ ಖಾಲಿ ಎಣ್ಣೆ ಡಬ್ಬ, ಒದ್ದೆ ಪೊರಕೆ ಮತ್ತು ಹೊಸ ಯೋಜನೆಯ ಫಲಕ.

ಯೋಜನೆ ಹುಟ್ಟಿದ್ದು ಒಂದು ಪತ್ರದಿಂದ. ಅಲ್ಪಸಂಖ್ಯಾತ ಸಮುದಾಯಗಳಿಗೆ ಕೈಗೆಟುಕುವಂತೆ, ಅವರನ್ನು ಒಳಗೊಳ್ಳುವಂತೆ ಸ್ವಾಸ್ಥ್ಯ ಸೇವೆ ನೀಡುವ ಕೇಂದ್ರಕ್ಕೆ ಮೂರು ವರ್ಷಗಳ ಅನುದಾನ ಕೊಡುವುದಾಗಿ ದೊಡ್ಡ ದಾನಿ ಸಂಸ್ಥೆಯೊಂದು ಬರೆದಿತ್ತು. ನಮ್ಮೂರಿನಲ್ಲಿ ಅಂಥ ಸಮುದಾಯ ಒಂದಿದೆ. ಗಾಜಿನ ಕಾರ್ಖಾನೆಯ ಹಿಂದೆ ಅರವತ್ತೆರಡು ಮನೆ. ಅವರ ಮನೆಮಾತು ಬೇರೆ, ಪ್ರಾರ್ಥನೆ ಬೇರೆ. ಮೂರು ತಲೆಮಾರಿನಿಂದ ಇಲ್ಲೇ ಇದ್ದಾರೆ, ಊರಿನವರು ಇವತ್ತಿಗೂ ಅವರನ್ನು "ಯಾವಾಗ ಬಂದ್ರಿ?" ಎಂದು ವಿಚಾರಿಸಿಕೊಳ್ಳುತ್ತಾರೆ. ಪತ್ರ ಬರುವವರೆಗೆ ಅವರ ಸ್ವಾಸ್ಥ್ಯದ ಬಗ್ಗೆ ನಮಗೆ ಯಾವ ಚಿಂತೆಯೂ ಇರಲಿಲ್ಲ. ಬಂದ ಸಂಜೆ ನಿರ್ದೇಶಕರಿಗೆ ಊಟ ಸೇರಲಿಲ್ಲವಂತೆ.

ಮರುದಿನವೇ ತುರ್ತು ಸಭೆ ಸೇರಿತು. ನಮ್ಮಲ್ಲಿ ಮಾಲೀಸಿಗೆ ಗಂಟೆಗೆ ಸಾವಿರದ ಇನ್ನೂರು. ಆ ಅರವತ್ತೆರಡು ಮನೆಗಳಲ್ಲಿ ಎಷ್ಟೋ ಜನರ ವಾರದ ಸಂಬಳವೂ ಅಷ್ಟಿಲ್ಲ. ದರ ಇಳಿಸೋಣ ಎಂದು ಚಿಕಿತ್ಸಕಿ ಸೂಚಿಸಿದರು. ಚಿಕಿತ್ಸಕಿ ಎಂದರೆ ಕೀಲು, ಸ್ನಾಯುಗಳ ವಿಚಾರ ನಿಜವಾಗಿ ಕಲಿತು ಬಂದಿರುವ ನಮ್ಮ ಏಕೈಕ ಸಿಬ್ಬಂದಿ. ಆದ್ದರಿಂದ ಸಭೆಯಲ್ಲಿ ಅವರಿಗೆ ಮತವಿಲ್ಲ.

"ದರ ಇಳಿಸಿದ್ರೆ ಅವರಿಗೇ ಅವಮಾನ," ಎಂದರು ನಿರ್ದೇಶಕರು. "ಏನೋ ಕಡಿಮೆದು ಕೊಟ್ರು ಅಂತ ಅವರ ಮನಸ್ಸಿಗೆ ಬರಬಾರದು."

ಎಲ್ಲರೂ ತಲೆದೂಗಿದರು. ಬಡವರಿಗೆ ಅವಮಾನವಾಗಬಾರದು ಎನ್ನುವ ವಿಷಯದಲ್ಲಿ ನಮ್ಮ ಆಡಳಿತ ಮಂಡಳಿ ಬಹಳ ಸೂಕ್ಷ್ಮ.

ಅಷ್ಟರಲ್ಲಿ ನಿರ್ದೇಶಕರ ಕಣ್ಣು ಕಿಟಕಿಯಾಚೆಯ ಗೂಡಂಗಡಿಯ ಮೇಲೆ ಬಿತ್ತು. ಅಲ್ಲಿ ಶಾಂಪೂವಿನ ಪುಟ್ಟ ಪೊಟ್ಟಣಗಳ ಸರ ನೇತಾಡುತ್ತಿತ್ತು. ಬಾಟಲಿ ಕೊಳ್ಳಲಾಗದವರು ಪೊಟ್ಟಣ ಹರಿದು ತಲೆ ತೊಳೆದುಕೊಳ್ಳುತ್ತಾರೆ. ಶಾಂಪೂ ಅದೇ, ಘನತೆ ಅದೇ, ನೊರೆ ಮಾತ್ರ ಸ್ವಲ್ಪ ಕಡಿಮೆ. ನಿರ್ದೇಶಕರು ಎದ್ದು ನಿಂತರು. ದರವನ್ನು ಇಳಿಸುವುದು ಬೇಡ, ಸೇವೆಯನ್ನು ಪೊಟ್ಟಣ ಕಟ್ಟೋಣ. ಗಂಟೆಗೆ ಸಾವಿರದ ಇನ್ನೂರಾದರೆ ನಿಮಿಷಕ್ಕೆ ಇಪ್ಪತ್ತು. ಇಪ್ಪತ್ತು ಯಾರಿಗೆ ಎಟುಕುವುದಿಲ್ಲ?

ಹಾಜರಿದ್ದವರೆಲ್ಲ ಹದಿನಾಲ್ಕನೇ ನಿಯಮದಂತೆ ಕೈ ಎತ್ತಿದರು. ಈ ನಿಯಮ ಬರೆದವನು ನಾನೇ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಹಿಂದೊಮ್ಮೆ ಸಭೆಯಲ್ಲಿ ಖಜಾಂಚಿ ಕಿವಿಯ ಹತ್ತಿರ ನೊಣ ಓಡಿಸಿದ್ದನ್ನು ಮತವೆಂದು ಎಣಿಸಿ, ಒಂದು ಮತದ ಅಂತರದಲ್ಲಿ ನಾವು ಗುಳ್ಳೆ ಏಳುವ ಬಿಸಿನೀರಿನ ತೊಟ್ಟಿಯೊಂದನ್ನು ಕೊಂಡುಬಿಟ್ಟಿದ್ದೆವು. ಅಂದಿನಿಂದ ಮತ ಹಾಕುವವರು ಬಲಗೈಯನ್ನು, ಮೊಣಕೈ ಮಡಚದೆ, ಯಾರ ನೆರವೂ ಇಲ್ಲದೆ, ನೇರವಾಗಿ ತಲೆಯ ಮೇಲಕ್ಕೆ ಎತ್ತಬೇಕು. ಉಳಿದ ಚಲನೆಗಳನ್ನೆಲ್ಲ ನೊಣವೆಂದು ಪರಿಗಣಿಸಲಾಗುವುದು.

ಹಿಂಬಾಗಿಲಿನ ಫಲಕವನ್ನು ನಾನು ನನ್ನ ಕೈಬರಹದಲ್ಲೇ ಬರೆದೆ:

"ಪ್ರಕಟಣೆ. ಅಲ್ಪಸಂಖ್ಯಾತ ಬಂಧುಗಳಿಗೆ ಸ್ವಾಸ್ಥ್ಯ ಪೊಟ್ಟಣಗಳು. ಮಾಲೀಸು, ಒಂದು ನಿಮಿಷ: ಇಪ್ಪತ್ತು. ಧ್ಯಾನ: ಕಣ್ಣು ಮುಚ್ಚುವುದಕ್ಕೆ ಹತ್ತು, ತೆರೆಯುವುದಕ್ಕೆ ಹತ್ತು. ಉಸಿರಾಟದ ಅಭ್ಯಾಸ: ಮೊದಲ ಮಂಗಳವಾರ ಒಳಗೆಳೆದುಕೊಳ್ಳುವುದು, ಎರಡನೇ ಮಂಗಳವಾರ ಹೊರಬಿಡುವುದು, ನಡುವಿನ ಅವಧಿಗೆ ಕೇಂದ್ರ ಹೊಣೆಯಲ್ಲ. ಹಬೆ: ಬಾಗಿಲು ತೆರೆದಾಗ ಬಂದಷ್ಟು. ಒಬ್ಬರಿಗೆ ದಿನಕ್ಕೆ ಒಂದೇ ಪೊಟ್ಟಣ. ಸಮಾನತೆಯೇ ಸ್ವಾಸ್ಥ್ಯ."

ಆ ತಿಂಗಳ ಮೊದಲ ಮಂಗಳವಾರ ಒಬ್ಬಳು ಬಂದಳು. ಮುಂದೆಯೂ ಸೇವೆಗೆಂದು ಅವಳೊಬ್ಬಳೇ ಬಂದದ್ದು, ಏಕೆಂದರೆ ಮಂಗಳವಾರ ಹನ್ನೊಂದು ಗಂಟೆಗೆ ಆ ಅರವತ್ತೆರಡು ಮನೆಯವರೆಲ್ಲ ದುಡಿಮೆಯಲ್ಲಿರುತ್ತಾರೆ. ಇವಳು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಯಂತ್ರದಿಂದ ಒದ್ದೆ ಹಾಸಿಗೆ ಬಟ್ಟೆಗಳನ್ನು ಎಳೆದು, ತಲೆಗಿಂತ ಎತ್ತರದ ಕಂಬಿಯ ಮೇಲೆ ಎಸೆದು ಹರಡುವುದು ಅವಳ ಕೆಲಸ. ದಿನಕ್ಕೆ ಇನ್ನೂರು ಬಟ್ಟೆ. ಹನ್ನೊಂದು ವರ್ಷ ಎಸೆದ ಮೇಲೆ ಬಲಭುಜ ಕೈಕೊಟ್ಟಿತ್ತು. ಕೈ ಎದೆಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು.

"ಈಗ ರಜ ಕೊಟ್ಟಿದಾರೆ. ಮುಂದಿನ ಒಂದನೇ ತಾರೀಖಿಗೆ ಕೈ ಕಂಬಿ ಮುಟ್ಟಬೇಕು, ಇಲ್ದಿದ್ರೆ ಬರಬೇಡ ಅಂದಿದಾರೆ ನಮ್ಮ ಮೇಸ್ತ್ರಿ," ಎಂದಳು. "ಡಾಕ್ಟ್ರು ನೋಡಿದ್ರು. ಯಾರಾದ್ರೂ ತಿಳಿದವರು ಹನ್ನೆರಡು ಸಲ ಸರಿಯಾಗಿ ಕೈಯಾಡಿಸಿ ಸಡಿಲ ಮಾಡಿದ್ರೆ ಬಿಟ್ಕೊಳುತ್ತೆ ಅಂದ್ರು. ಅವರ ಹತ್ರ ಅಂಥವರಿಲ್ವಂತೆ. ಇಲ್ಲಿದಾರೆ ಅಂತ ಕಳಿಸಿದ್ರು."

ಮನೆಯಲ್ಲಿ ಅತ್ತೆ, ಓದುವ ಇಬ್ಬರು ಹೆಣ್ಣುಮಕ್ಕಳು. ಗಂಡ ತೀರಿಕೊಂಡು ನಾಲ್ಕು ವರ್ಷ. ಅರ್ಜಿಯಲ್ಲಿ ಇದಕ್ಕೆಲ್ಲ ಕಾಲಂ ಇರಲಿಲ್ಲ, ಅವಳೇ ಹೇಳಿಕೊಂಡಳು.

"ಒಟ್ಟಿಗೆ ಒಂದು ಇಪ್ಪತ್ತು ನಿಮಿಷದ್ದು ಕೊಡ್ತೀರಾ ಸಾರ್? ಸಾಲ ಮಾಡಿ ತಂದಿದೀನಿ."

"ಒಟ್ಟಿಗೆ ಕೊಂಡ್ರೆ ಅದು ಪೂರ್ಣಸೇವೆ ಆಗುತ್ತಮ್ಮ. ಅದಕ್ಕೆ ಮುಂಬಾಗಿಲಿನ ಸದಸ್ಯತ್ವ ಬೇಕು. ನಿಮಗೆ ದಿನಕ್ಕೊಂದು."

"ದಿನಾ ಬರಲಾ ಹಾಗಾದ್ರೆ?"

"ದಿನಾ ಅಂದ್ರೆ ಮಂಗಳವಾರ," ಎಂದೆ.

ಸಮಯ ಅಳೆದು ಗಂಟೆ ಒತ್ತುವ ಹೊಣೆಯನ್ನು ಮಂಡಳಿ ನನಗೇ ವಹಿಸಿತ್ತು. ನನ್ನ ಗಡಿಯಾರ ಸೆಕೆಂಡಿಗೂ ಸುಳ್ಳು ಹೇಳುವುದಿಲ್ಲ. ಅವಳು ಬೆಂಚಿನ ಮೇಲೆ ಮಲಗಿ, ರವಿಕೆಯ ತೋಳು ಸರಿಸುವಷ್ಟರಲ್ಲಿ ಇಪ್ಪತ್ತೈದು ಸೆಕೆಂಡು. ಚಿಕಿತ್ಸಕಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಲು ಹದಿನೈದು. ಹೆಬ್ಬೆರಳಿನಿಂದ ಭುಜದ ಗಂಟು ಹುಡುಕಲು ಹದಿನೆಂಟು. ಗಂಟು ಸಿಕ್ಕಿತು.

"ಹಾ, ಅಲ್ಲೇ!" ಎಂದಳು ಅವಳು. ಅಂಥ ದನಿಯನ್ನು ನಾನು ಆ ಕೋಣೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ನಮ್ಮ ಮುಂಬಾಗಿಲಿನ ಸದಸ್ಯರು ಮಾಲೀಸಿನಲ್ಲಿ ಸಾಮಾನ್ಯವಾಗಿ ಗೊರಕೆ ಹೊಡೆಯುತ್ತಾರೆ. ನಾನು ಗಂಟೆ ಒತ್ತಿದೆ.

ಚಿಕಿತ್ಸಕಿ ಕೈ ತೆಗೆಯಲಿಲ್ಲ. ಇನ್ನೂ ನಾಲ್ಕು ಸೆಕೆಂಡು ಒತ್ತಿದರು. ಸಂಜೆಗೆ ಅವರಿಗೆ ಜ್ಞಾಪನಾಪತ್ರ ಹೋಯಿತು: ಅನುಮತಿಯಿಲ್ಲದೆ ನಾಲ್ಕು ಸೆಕೆಂಡುಗಳ ಹೆಚ್ಚುವರಿ ಉಪಶಮನ ನೀಡಿದ್ದೇಕೆಂದು ಮೂರು ದಿನಗಳೊಳಗೆ ವಿವರಣೆ ಸಲ್ಲಿಸತಕ್ಕದ್ದು. "ಬೆರಳು ಮಾತು ಕೇಳಲಿಲ್ಲ" ಎಂದು ಅವರು ಒಂದೇ ಸಾಲಿನಲ್ಲಿ ಬರೆದುಕೊಟ್ಟರು. ಅದನ್ನು ಕಡತಕ್ಕೆ ಸೇರಿಸಿದೆ.

ಎರಡನೇ ಮಂಗಳವಾರಕ್ಕೆ ಮೊದಲು ದಾನಿ ಸಂಸ್ಥೆಯಿಂದ ಇನ್ನೊಂದು ಸೂಚನೆ ಬಂತು. ಫಲಾನುಭವಿಗಳಿಗೆ ಸೇವೆಯನ್ನು ಅವರ ಮನೆಮಾತಿನಲ್ಲೇ ನೀಡಬೇಕು. ನಿರ್ದೇಶಕರು ಭಾಷಾಂತರಕಾರರು ಬೇಕೆಂದು ಜಾಹೀರಾತು ಹಾಕಿಸಿದರು. ಆ ಮಾತು ಬಲ್ಲವರಾಗಿರಬೇಕು, ಮಂಗಳವಾರ ಹನ್ನೊಂದಕ್ಕೆ ಬಿಡುವಾಗಿರಬೇಕು, ಗೌರವಧನದ ಬದಲು ಪ್ರಶಂಸಾಪತ್ರ ಪಡೆಯಬೇಕು. ಈ ಎಲ್ಲ ಅರ್ಹತೆ ಇದ್ದವರು ಊರಿನಲ್ಲಿ ಒಬ್ಬರೇ ಎಂಬುದು ಪರಿಶೀಲನೆಯಿಂದ ತಿಳಿದುಬಂತು. ಅವಳೇ.

"ಭಾಷಾಂತರ ಯಾಕೆ ಸಾರ್?" ಎಂದಳು ಲಾಂಡ್ರಿಯವಳು. "ನಾನು ಹುಟ್ಟಿದ್ದೇ ಇಲ್ಲಿ. ಈಗ ನಿಮ್ಮ ಹತ್ರ ಮಾತಾಡ್ತಿರೋದು ಯಾವ ಮಾತು?"

"ಅದು ನೀವು ಮಾಡಿಕೊಂಡಿರೋ ಹೊಂದಾಣಿಕೆ," ಎಂದರು ನಿರ್ದೇಶಕರು. "ಎಷ್ಟು ಅಂತ ಹೊಂದಿಕೊಳ್ತೀರಿ ನೀವು? ನಿಮ್ಮಿಂದ ಇನ್ನು ಆ ಕಷ್ಟ ಮಾಡಿಸೋಕೆ ನಮಗೆ ಮನಸ್ಸಿಲ್ಲ."

ಹಾಗಾಗಿ ಆ ದಿನದ ನಿಮಿಷ ಹೀಗೆ ನಡೆಯಿತು. ಚಿಕಿತ್ಸಕಿ "ಎಲ್ಲಿ ನೋವು?" ಎಂದು ಕೇಳಿದರು. ಅವಳು ಎದ್ದು ಕೂತು, ಭಾಷಾಂತರಕಾರಳಾಗಿ ಆ ಪ್ರಶ್ನೆಯನ್ನು ತನ್ನ ಮನೆಮಾತಿಗೆ ತಿರುಗಿಸಿ ಖಾಲಿ ದಿಂಬಿಗೆ ಕೇಳಿದಳು. ಮತ್ತೆ ಮಲಗಿ ಮನೆಮಾತಿನಲ್ಲಿ ಉತ್ತರ ಕೊಟ್ಟಳು. ಮತ್ತೆ ಎದ್ದು "ಭುಜದ ಹಿಂದುಗಡೆ ಅಂತಿದಾಳೆ" ಎಂದಳು. ಐವತ್ತೇಳು ಸೆಕೆಂಡು ಆಗಿತ್ತು. ಉಳಿದ ಮೂರು ಸೆಕೆಂಡಿನಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಟೆ ಒತ್ತಿದೆ.

ವರದಿಯಲ್ಲಿ ಇದು ಎರಡು ಸಾಲು ಹಿಡಿಯಿತು: ಅಲ್ಪಸಂಖ್ಯಾತ ಸಮುದಾಯದ ಒಬ್ಬರಿಗೆ ಸೇವೆ, ಇನ್ನೊಬ್ಬರಿಗೆ ಉದ್ಯೋಗ. ಒಟ್ಟು ತಲುಪಿದವರು ಇಬ್ಬರು.

ಮೂರನೇ ಮಂಗಳವಾರ ಅವಳು ಅತ್ತೆಯನ್ನು ಕರೆದುಕೊಂಡು ಬಂದಳು. ಅತ್ತೆ ಗಿಡ್ಡ, ದನಿ ಉದ್ದ. ನಾನು ತಡೆದೆ. ಫಲಾನುಭವಿಯ ಖಾಸಗಿತನ ಕಾಪಾಡಲು ಚಿಕಿತ್ಸೆಯ ಹೊತ್ತಿನಲ್ಲಿ ಇತರರು ಪರದೆಯ ಹೊರಗಿರಬೇಕೆಂದು ಹೊಸ ನಿಯಮವಾಗಿತ್ತು. ಭಾಷಾಂತರಕಾರರೂ ಅದರಲ್ಲಿ ಸೇರಿದ್ದರು. ಹಾಗಾಗಿ ಲಾಂಡ್ರಿಯವಳು ಭಾಷಾಂತರಕಾರಳಾಗಿ ಪರದೆಯ ಹೊರಗೆ ನಿಂತಳು. ಒಳಗೆ ಚಿಕಿತ್ಸಕಿ ಕೈಕಟ್ಟಿಕೊಂಡು ಖಾಲಿ ಬೆಂಚಿನ ಪಕ್ಕ ನಿಂತರು. ನಿಮಿಷ ಓಡಿತು.

"ಇದೇನು ನಾಟಕವೇನ್ರೀ?" ಎಂದು ಅತ್ತೆ ಕೇಂದ್ರದ ಸೂರು ಹಾರಿಹೋಗುವಂತೆ ಕೂಗಿದಳು. "ಒಂದು ನಿಮಿಷದಲ್ಲಿ ಒಂದು ಲೋಟ ನೀರು ಬಿಸಿಯಾಗಲ್ಲ, ಮೂಳೆ ಬಿಡುತ್ತಾ? ಹೆಂಗಸಿನ ಕೈ ಹೋಗ್ತಿದೆ, ನೀವು ಗಡಿಯಾರ ಹಿಡ್ಕೊಂಡು ಕೂತಿದೀರಲ್ಲ, ನಿಮಗೆ ಮನೇಲಿ ಯಾರೂ ಇಲ್ವಾ? ಕೈ ಮೇಲಕ್ಕೆ ಹೋಗುತ್ತಾ ಇಲ್ವಾ, ಅಷ್ಟು ಹೇಳಿ ಸಾಕು!"

ಗಲಾಟೆ ಕೇಳಿ ನಿರ್ದೇಶಕರು ಕ್ಯಾಮೆರಾ ಹಿಡಿದು ಓಡಿ ಬಂದರು. ಅತ್ತೆಯ ಬಾಯಿ ತೆರೆದಿರುವ ಚಿತ್ರ ವಾರ್ಷಿಕ ವರದಿಯ ಏಳನೇ ಪುಟದಲ್ಲಿದೆ. ಕೆಳಗಿನ ಸಾಲು ನನ್ನದು: "ಸಮುದಾಯದ ಹಿರಿಯರೊಂದಿಗೆ ಮುಕ್ತ ಸಮಾಲೋಚನೆ."

"ಅಮ್ಮಾ, ಕೈ ಮೇಲಕ್ಕೆ ಹೋಗೋದು ಫಲಿತಾಂಶ," ಎಂದು ನಿರ್ದೇಶಕರು ಸಮಾಧಾನವಾಗಿ ವಿವರಿಸಿದರು. "ನಮ್ಮ ಯೋಜನೆ ಫಲಿತಾಂಶದ್ದಲ್ಲ, ಅವಕಾಶದ್ದು. ಅವಕಾಶ ಸಿಕ್ಕಿದೆಯೋ ಇಲ್ವೋ?"

ಹೊರಡುವಾಗ ಹಿಂಬಾಗಿಲಿನ ಹತ್ತಿರ ಚಿಕಿತ್ಸಕಿ ಅವಳ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. "ಭಾನುವಾರ ನಮ್ಮನೆಗೆ ಬಾ. ಅರ್ಧ ಗಂಟೆ ನೋಡ್ತೀನಿ. ದುಡ್ಡು ಬೇಡ. ದಿನ ಬಿಟ್ಟು ದಿನ ಬಂದ್ರೆ ತಿಂಗಳೊಳಗೆ ಕೈ ಎತ್ತಿಸ್ತೀನಿ." ಅವಳು ಎಡಗೈಯಿಂದ ಚಿಕಿತ್ಸಕಿಯ ಕೈ ಹಿಡಿದುಕೊಂಡಳು.

ನಾನು ಅದನ್ನು ಬರೆದುಕೊಂಡೆ. ಬರೆಯದೆ ಬಿಡಬಹುದಿತ್ತು, ಆ ಸಾಲು ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹದಿನೇಳು ವರ್ಷದ ಅಭ್ಯಾಸ, ಪೆನ್ನು ತಾನಾಗಿಯೇ ಓಡಿತು. "ಅನಧಿಕೃತ ಕರುಣೆ" ಎಂಬ ಶೀರ್ಷಿಕೆ ಕೊಟ್ಟೆ. ಮರುದಿನ ಚಿಕಿತ್ಸಕಿಗೆ ನೋಟಿಸು ಹೋಯಿತು: ಉಚಿತ ಸೇವೆಯಿಂದ ಫಲಾನುಭವಿಗಳ ಘನತೆಗೆ ಧಕ್ಕೆಯಾಗುವುದರಿಂದ, ಅಂಥದ್ದು ಕಂಡುಬಂದಲ್ಲಿ ಕೆಲಸದಿಂದ ತೆಗೆಯಲಾಗುವುದು. ಅವರಿಗೂ ಮನೆ ಇದೆ, ಬಾಡಿಗೆ ಇದೆ. ಭಾನುವಾರ ಲಾಂಡ್ರಿಯವಳು ಹೋದಾಗ ಮನೆಗೆ ಬೀಗ ಹಾಕಿತ್ತಂತೆ. ಅದನ್ನು ಕೇಳಿದ ದಿನ ನನಗೆ ನಾಚಿಕೆಯಾಯಿತು, ಇಲ್ಲವೆನ್ನುವುದಿಲ್ಲ. ಚಹಾ ಕುಡಿದ ಮೇಲೆ ಕಡಿಮೆಯಾಯಿತು.

ನಾಲ್ಕನೇ ಮಂಗಳವಾರ ಸಿಬ್ಬಂದಿಯ ಸ್ವಾಸ್ಥ್ಯ ದಿನ. ಕೇಂದ್ರಕ್ಕೆ ರಜೆ.

ಐದನೇ ಮಂಗಳವಾರ ತಿಂಗಳ ಕೊನೆಯ ದಿನವೂ ಹೌದು. ಅಂದು ದಾನಿ ಸಂಸ್ಥೆಯ ವೀಕ್ಷಕರು ಬರುವವರಿದ್ದರು. ಸದ್ದಿಲ್ಲದ ಕೋಣೆಯಲ್ಲಿ ಕುರ್ಚಿ ಹಾಕಿಸಿದೆವು. ಲಾಂಡ್ರಿಯವಳನ್ನು ಮೊದಲ ಬಾರಿಗೆ ಮುಂಬಾಗಿಲಿನಿಂದ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದೆವು. ಅತ್ತೆ ಪಕ್ಕದಲ್ಲಿ ಕೂತಳು. ಚಿಕಿತ್ಸಕಿ ಗೋಡೆಗೆ ಒರಗಿ ನಿಂತರು. ಭಾಷಣಗಳು ಮುಗಿದ ಮೇಲೆ ವೀಕ್ಷಕರು, ಒಳ್ಳೆಯ ಮನುಷ್ಯರು, ಕನ್ನಡಕ ಒರೆಸಿಕೊಂಡು ಹೇಳಿದರು:

"ಇದನ್ನೆಲ್ಲ ನೀವು ಹೇಳಿದ್ರಿ, ಸಂತೋಷ. ಆದರೆ ನನಗೆ ಬೇಕಾದ್ದು ಫಲಾನುಭವಿಗಳ ತೀರ್ಮಾನ. ಸೇವೆ ನಮಗೆ ಸರಿಯಾಗಿ ಸಿಕ್ಕಿಲ್ಲ ಅನ್ನೋವ್ರು ಒಬ್ಬರಿದ್ರೂ ಸಾಕು, ಈ ದುಡ್ಡನ್ನು ನಾನೇ ಅವರಿಗೆ ಪೂರ್ತಿ ಚಿಕಿತ್ಸೆ ಕೊಡಿಸೋಕೆ ಬಳಸ್ತೀನಿ. ಅಂಥವರು ಇದ್ದರೆ ದಯವಿಟ್ಟು ಹೇಳಿ."

ಕೋಣೆ ತನ್ನ ಹೆಸರಿಗೆ ತಕ್ಕಂತೆ ಸದ್ದಿಲ್ಲದಾಯಿತು. ನಿರ್ದೇಶಕರ ಹಣೆಯಲ್ಲಿ ಬೆವರು ಕಂಡಿತು. ಲಾಂಡ್ರಿಯವಳು ಎದ್ದು ನಿಂತಳು.

"ನಾನಿದೀನಿ," ಎಂದಳು.

ನಿರ್ದೇಶಕರು ನನ್ನ ಕಡೆ ನೋಡಿದರು. ತೀರ್ಮಾನವೆಂದರೆ ಮತ ಎನ್ನುತ್ತ ನಾನು ಕಡತ ತೆರೆದು ಹದಿನಾಲ್ಕನೇ ನಿಯಮವನ್ನು ಗಟ್ಟಿಯಾಗಿ ಓದಿದೆ. ಬಲಗೈ. ಮೊಣಕೈ ಮಡಚದೆ. ಯಾರ ನೆರವೂ ಇಲ್ಲದೆ. ತಲೆಯ ಮೇಲಕ್ಕೆ. ವೀಕ್ಷಕರು ತಲೆದೂಗಿದರು, ನಿಯಮ ಇರುವ ಸಂಸ್ಥೆ ಎಂದರೆ ಅವರಿಗೆ ಗೌರವ.

ಅವಳು ಎತ್ತಲು ನೋಡಿದಳು. ಕೈ ಸೊಂಟ ಬಿಟ್ಟು ಎದ್ದಿತು, ಎದೆಮಟ್ಟಕ್ಕೆ ಬಂತು. ಅಲ್ಲಿ ನಡುಗಿತು. ಅವಳು ತುಟಿ ಕಚ್ಚಿಕೊಂಡಳು, ಕತ್ತಿನ ನರ ಉಬ್ಬಿತು. ಕೈ ಇನ್ನೂ ನಾಲ್ಕು ಬೆರಳು ಮೇಲೇರಿತು. ಗಲ್ಲದ ಹತ್ತಿರ ನಿಂತಿತು. ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು. ನಾವೆಲ್ಲ ಕಾದೆವು.

ಅತ್ತೆ ಎದ್ದು ಸೊಸೆಯ ಮೊಣಕೈಗೆ ಕೈ ಕೊಟ್ಟಳು. "ಬಾಹ್ಯ ಒತ್ತಡ," ಎಂದೆ ನಾನು. ಅತ್ತೆಯನ್ನು ಕೂರಿಸಲಾಯಿತು. ಲಾಂಡ್ರಿಯವಳು ಎಡಗೈಯನ್ನು ಸರಕ್ಕನೆ ಎತ್ತಿದಳು. ಅದು ಸೂರು ಮುಟ್ಟುವಷ್ಟು ಮೇಲೆ ಹೋಯಿತು. "ಎಡಗೈ," ಎಂದೆ.

"ಅಯ್ಯೋ ಸಾರ್, ಈ ಕೈ ಮೇಲೆ ಹೋಗಲ್ಲ ಅಂತಾನೇ ಅಲ್ವಾ ನಾನು ಇಲ್ಲಿಗೆ ಬಂದಿದ್ದು? ಮೇಲೆ ಹೋಗೋ ಹಾಗಿದ್ರೆ ನನ್ನ ದೂರಾದ್ರೂ ಏನಿರ್ತಿತ್ತು?"

ಮಾತಿನಲ್ಲಿ ತರ್ಕವಿತ್ತು. ವೀಕ್ಷಕರೂ ತಲೆ ಎತ್ತಿದರು. ಆಗ ನಿರ್ದೇಶಕರು ಬಹಳ ಮೃದುವಾಗಿ ಕೇಳಿದರು, "ಈಗ ಮಾತಾಡಿದ್ದು ಫಲಾನುಭವಿಯೋ, ಭಾಷಾಂತರಕಾರರೋ? ಭಾಷಾಂತರಕಾರರು ನಮ್ಮ ಸಿಬ್ಬಂದಿ. ಸಿಬ್ಬಂದಿಗೆ ಇಲ್ಲಿ ದೂರು ಹೇಳೋ ಹಕ್ಕಿಲ್ಲ."

ಗೋಡೆಯ ಹತ್ತಿರ ಚಿಕಿತ್ಸಕಿ ಮುಖ ತಿರುಗಿಸಿಕೊಂಡರು. ಲಾಂಡ್ರಿಯವಳು ಕೂತಳು. ಸಭೆಯ ನಡಾವಳಿಯಲ್ಲಿ ನಾನು ಬರೆದದ್ದು: "ಅತೃಪ್ತರು ಕೈ ಎತ್ತುವಂತೆ ಕೋರಲಾಯಿತು. ಒಂದು ನೊಣ ಹೊರತುಪಡಿಸಿ ಯಾವ ಚಲನೆಯೂ ಕಂಡುಬರಲಿಲ್ಲ. ಯೋಜನೆ ಸರ್ವಾನುಮತದಿಂದ ಯಶಸ್ವಿ."

ಅನುದಾನ ಮೂರು ವರ್ಷಕ್ಕೆ ಮಂಜೂರಾಯಿತು. ಹಣ ಹೆಚ್ಚು ಸಮುದಾಯಗಳಿಗೆ ಹಂಚಿಹೋಗಲೆಂದು ಪೊಟ್ಟಣವನ್ನು ಮೂವತ್ತು ಸೆಕೆಂಡಿಗೆ ಪರಿಷ್ಕರಿಸಿದ್ದೇವೆ. ಲಾಂಡ್ರಿಯವಳಿಗೆ ಎರಡು ಪತ್ರ ಸಿಕ್ಕವು. ಒಂದು ಭಾಷಾಂತರಕ್ಕೆ ಪ್ರಶಂಸಾಪತ್ರ. ಇನ್ನೊಂದು, ಬಲಭುಜದ ಚಿಕಿತ್ಸೆಯನ್ನು ಯಶಸ್ವಿಯಾಗಿ ಪೂರೈಸಿದ್ದಕ್ಕೆ ದೃಢೀಕರಣ. ಮರುದಿನ, ಒಂದನೇ ತಾರೀಖು, ಅವಳು ಮೇಸ್ತ್ರಿಗೆ ಇನ್ನೊಂದು ತಿಂಗಳು ಕಾಯಿರಿ ಎಂದು ಕೇಳಿಕೊಂಡಾಗ ಅವನು ಆ ದೃಢೀಕರಣವನ್ನು ಓದಿ, ಚಿಕಿತ್ಸೆ ಮುಗಿದ ಮೇಲೂ ಕೈ ಏಳದಿದ್ದರೆ ಅದು ಸೋಮಾರಿತನ ಎಂದು ಮನೆಗೆ ಕಳಿಸಿದ. ನನ್ನ ಭಾಷೆ ಸ್ಪಷ್ಟವಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ಆದರೆ ನಮ್ಮ ಕೇಂದ್ರ ಯಾರನ್ನೂ ಕೈಬಿಡುವುದಿಲ್ಲ. ಸಮುದಾಯದವರೊಬ್ಬರು ಸಿಬ್ಬಂದಿಯಲ್ಲಿರಬೇಕೆಂಬ ಅನುದಾನದ ಷರತ್ತಿನಂತೆ ಈಗ ಅವಳನ್ನು ಟವೆಲ್ಲು ಮಡಚುವ ಕೆಲಸಕ್ಕೆ ತೆಗೆದುಕೊಂಡಿದ್ದೇವೆ. ಮೇಜು ಸೊಂಟದ ಎತ್ತರಕ್ಕಿದೆ, ಕೈ ಎತ್ತುವ ಪ್ರಸಂಗವೇ ಬರುವುದಿಲ್ಲ. ಸಂಬಳ ಲಾಂಡ್ರಿಯ ಅರ್ಧ. ಅವಳು ಒಪ್ಪಿಕೊಂಡಳು. ಅತ್ತೆಯೂ ಈಗ ಕೂಗುವುದಿಲ್ಲ. ಹಿಂಬಾಗಿಲಿನಲ್ಲಿ ಸೊಸೆಗೆ ಊಟ ಕೊಟ್ಟು ಹೋಗುತ್ತಾಳೆ. ಚಿಕಿತ್ಸಕಿಗೆ ಈ ವರ್ಷ ಒಂದೂ ಜ್ಞಾಪನಾಪತ್ರ ಹೋಗಿಲ್ಲ. ಬೆರಳು ಮಾತು ಕೇಳುತ್ತಿದೆ.

ಇಷ್ಟೆಲ್ಲ ಬರೆದು ಬರೆದು ನನ್ನ ಬಲಭುಜ ಹಿಡಿದುಕೊಂಡಿದೆ. ಹಳೆಯ ಸಿಬ್ಬಂದಿಗೆ ಪೂರ್ತಿ ಒಂದು ಗಂಟೆ ಉಚಿತವಾದ್ದರಿಂದ ಕಳೆದ ವಾರ ನಾನೂ ಆ ಬೆಂಚಿನ ಮೇಲೆ ಮಲಗಿದೆ. ಚಿಕಿತ್ಸಕಿ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಹೆಬ್ಬೆರಳಿನಿಂದ ಹುಡುಕಿ, ಗಂಟು ಹಿಡಿದರು. "ಹಾ, ಅಲ್ಲೇ," ಎಂದೆ. ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ತಲೆಯ ಹತ್ತಿರ ಯಾರೋ ಬಂದು ಬಿಸಿ ಟವೆಲ್ಲು ಇಟ್ಟರು. ಎಡಗೈಯಿಂದ ಇಟ್ಟದ್ದರಿಂದ ಅವಳೇ ಎಂದು ಗೊತ್ತಾಯಿತು.

"ಇನ್ನು ಎಷ್ಟು ಹೊತ್ತಿದೆಯಮ್ಮ?" ಎಂದು ಕಣ್ಣು ತೆರೆಯದೆ ಕೇಳಿದೆ.

ಅವಳು ಗಡಿಯಾರದ ಕಡೆ ನೋಡಿದಳೋ ಇಲ್ಲವೋ ತಿಳಿಯದು.

"ಐವತ್ತೊಂಬತ್ತು ನಿಮಿಷ ಇದೆ ಸಾರ್," ಎಂದಳು.